ಎರಡು ದಿನದ ಕೂಲಿಗೆ ಯಾರೂ ಮನೆಯಲ್ಲಿ ಕೂರುವುದಿಲ್ಲ

‘ಬಿಟ್ಟಿ ಅಕ್ಕಿ ಕೊಟ್ಟೂ ಕೊಟ್ಟೂ ಜನರನ್ನ ಸೋಮಾರಿಗಳು ಮಾಡಿಟ್ರು.’

2013ರ ಜುಲೈ 10ರಂದು ಬಡವರಿಗೆ ಅಕ್ಕಿ ಕೊಡುವ ರಾಜ್ಯ ಸರ್ಕಾರದ ಅನ್ನಭಾಗ್ಯ ಯೋಜನೆ ಶುರುವಾಯಿತು. ಅಂದಿನಿಂದ ಈ ಮಾತು ನನ್ನ ಕಿವಿಗೆ ಬೀಳುತ್ತಲೇ ಇದೆ. ಬೆಂಗಳೂರಿನ ಹಲಸೂರು ಕೆರೆಯ ಸುತ್ತ ಬೆಳಗಿನ ನಡಿಗೆಗೆ ಬರುವವರು ಹೇಳುತ್ತಾರೆ. ಸಿಎಂಎಚ್ ರಸ್ತೆಯ ಅಂಗಡಿಯವರು ಹೇಳುತ್ತಾರೆ. ಕೆ.ಆರ್. ಪುರದಲ್ಲಿ ಮನೆ ಕಟ್ಟಿಸುತ್ತಿರುವ ನನ್ನ ನೆಂಟರು, ಗಾರೆಯವನು ಎರಡು ದಿನ ಬರಲಿಲ್ಲವೆಂದರೆ ಮೊದಲು ಬೈಯುವುದು ಅಕ್ಕಿಯನ್ನು. ಆಟೊ ಓಡಿಸುವವರ ಬಾಯಲ್ಲೂ ಕೇಳಿದ್ದೇನೆ. ಅವರಲ್ಲಿ ಕೆಲವರ ಮನೆಯಲ್ಲಿ ಬೇಯುವುದೂ ಅದೇ ಅಕ್ಕಿ. ಪಕ್ಷ, ಜಾತಿ, ಭಾಷೆಯ ಭೇದವಿಲ್ಲದೆ ಈ ಊರು ಒಪ್ಪಿಕೊಂಡಿರುವ ಮಾತುಗಳು ಹೆಚ್ಚಿಲ್ಲ. ಇದು ಅವುಗಳಲ್ಲಿ ಒಂದು. ಇದು ಸುಳ್ಳು. ಬರೀ ಸುಳ್ಳಾಗಿದ್ದರೆ ಕೇಳಿ ಸುಮ್ಮನಾಗಬಹುದಿತ್ತು. ಆದರೆ ಈ ಮಾತಿನ ಬಲದಿಂದಲೇ ರೇಷನ್ ಚೀಟಿಗಳು ರದ್ದಾಗುತ್ತವೆ, ಇಂದಿರಾ ಕ್ಯಾಂಟೀನಿಗೆ ಹಣ ನಿಲ್ಲುತ್ತದೆ, ಹಸಿದವರು ತಮ್ಮ ಹಸಿವನ್ನು ಹೇಳಿಕೊಳ್ಳಲು ನಾಚುತ್ತಾರೆ. ಅದಕ್ಕೇ ಇದನ್ನು ಎಳೆ ಎಳೆಯಾಗಿ ಬಿಡಿಸಿ ನೋಡಬೇಕು.

ಮೊದಲು ಲೆಕ್ಕ. ತಲೆಗೆ ಹತ್ತು ಕೆಜಿ ಅಕ್ಕಿ ಎಂದು 2023ರಲ್ಲಿ ಘೋಷಣೆಯಾಯಿತು. ಆಹಾರ ನಿಗಮದ ಅಕ್ಕಿಯನ್ನು ರಾಜ್ಯಗಳಿಗೆ ಮಾರುವುದಿಲ್ಲ ಎಂದು ಕೇಂದ್ರ ಸರ್ಕಾರ ಹೇಳಿದಾಗ, ಹೆಚ್ಚುವರಿ ಐದು ಕೆಜಿಯ ಬದಲಿಗೆ ಕೆಜಿಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿಯನ್ನು ರಾಜ್ಯ ಸರ್ಕಾರ ಖಾತೆಗೆ ಹಾಕಿತು. 2025ರ ಫೆಬ್ರವರಿಯಿಂದ ದುಡ್ಡು ನಿಂತು ಅಕ್ಕಿಯೇ ಬಂತು. ಸರ್ಕಾರದ್ದೇ ಆ ದರ ಹಿಡಿದರೆ ಹತ್ತು ಕೆಜಿಗೆ 340 ರೂಪಾಯಿ. ನಾಲ್ವರ ಮನೆಗೆ ತಿಂಗಳಿಗೆ 1,360. ಬೆಂಗಳೂರಿನಲ್ಲಿ ಗಾರೆ ಕೆಲಸದ ಆಳಿಗೆ ಇಂದು ಇದು ಹೆಚ್ಚೆಂದರೆ ಎರಡು ದಿನದ ಕೂಲಿ. ಎರಡು ದಿನದ ಕೂಲಿ ಸಿಕ್ಕಿತೆಂದು ಉಳಿದ ಇಪ್ಪತ್ತೆಂಟು ದಿನ ಮನೆಯಲ್ಲಿ ಕಾಲು ಚಾಚಿ ಮಲಗುವ ಒಬ್ಬ ಸಂಸಾರಸ್ಥನನ್ನು ನನಗೆ ತೋರಿಸಿ. ಶಿವಾಜಿನಗರದ ಗಲ್ಲಿಯಲ್ಲಿ ಒಂದು ಕೋಣೆಯ ಮನೆಗೂ ಬಾಡಿಗೆ ಕಟ್ಟಬೇಕು. ಆ ಬಾಡಿಗೆಯನ್ನು ಅಕ್ಕಿಯಲ್ಲಿ ಕೊಡಲು ಬರುವುದಿಲ್ಲ. ಗ್ಯಾಸ್, ಕರೆಂಟು, ಮಕ್ಕಳ ಫೀಸು, ಬಸ್ಸಿನ ಚಾರ್ಜು, ಅಜ್ಜಿಯ ಬಿಪಿ ಮಾತ್ರೆ, ಇವು ಯಾವುದಕ್ಕೂ ಅಕ್ಕಿ ನಡೆಯುವುದಿಲ್ಲ.

ಹೊಟ್ಟೆಯ ಲೆಕ್ಕವನ್ನೂ ಹಾಕಿ. ತಿಂಗಳಿಗೆ ಹತ್ತು ಕೆಜಿ ಎಂದರೆ ದಿನಕ್ಕೆ 333 ಗ್ರಾಂ. ಅದರಿಂದ ಸಿಗುವುದು ಹೆಚ್ಚುಕಡಿಮೆ 1,150 ಕ್ಯಾಲೊರಿ. ಮೈಮುರಿದು ದುಡಿಯುವ ಗಂಡಸಿಗೆ ಬೇಕಾದ್ದರಲ್ಲಿ ಇದು ಅರ್ಧವೂ ಅಲ್ಲ. ಬೇಳೆ ಇಲ್ಲ, ಸೊಪ್ಪಿಲ್ಲ, ಮೊಟ್ಟೆ ಇಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತು, ಅಂದರೆ 2019–21ರದ್ದು, ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ ಎಂದಿತು. ಮೂರರಲ್ಲಿ ಎರಡು ಪಾಲು ಮಕ್ಕಳಿಗೆ ರಕ್ತಹೀನತೆ. ಹೊಟ್ಟೆ ಬಿರಿಯುವಷ್ಟು ಉಂಡು ಮೈಗಳ್ಳರಾದ ಜನರ ಮಕ್ಕಳ ಲಕ್ಷಣ ಇದಲ್ಲ.

‘ಹಾಗಾದರೆ ಅಕ್ಕಿಯನ್ನು ಮಾರಿಕೊಳ್ಳುತ್ತಾರಲ್ಲ?’ ಎಂದು ಕೇಳುತ್ತಾರೆ. ಕೆಲವರು ಮಾರುತ್ತಾರೆ, ನಿಜ. ಲಾರಿಗಟ್ಟಲೆ ಪಡಿತರ ಅಕ್ಕಿ ಹಿಡಿದ ಸುದ್ದಿಯೂ ಬರುತ್ತದೆ. ಲಾರಿಯ ಅಕ್ಕಿ ಕಳ್ಳರದು. ಅದನ್ನು ಹಿಡಿಯಲು ಪೊಲೀಸರಿದ್ದಾರೆ. ಆದರೆ ಮನೆಯಾಕೆ ಐದು ಕೆಜಿ ಅಕ್ಕಿಯನ್ನು ಅಂಗಡಿಗೆ ಕೊಟ್ಟು ಎಣ್ಣೆ, ಬೇಳೆ ತಂದರೆ ಅದು ಅವಳ ಮನೆವಾರ್ತೆಯ ಜಾಣತನ. ಬರೀ ಅನ್ನ ಇಳಿಯುವುದಿಲ್ಲ. ಸಾರಿಗೆ ಬೇಳೆ ಬೇಕು. ಇದನ್ನು ಸರ್ಕಾರವೂ ಕಡೆಗೆ ಒಪ್ಪಿತು: ಹೆಚ್ಚುವರಿ ಐದು ಕೆಜಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿರುವ ಇಂದಿರಾ ಕಿಟ್ ಕೊಡಲು 2025ರ ಅಕ್ಟೋಬರ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಅಕ್ಕಿ ಮಾರಿದ ಹೆಂಗಸರು ವರ್ಷಗಳಿಂದ ಹೇಳುತ್ತಿದ್ದದ್ದು ಅದನ್ನೇ. ಕೇಳಿಸಿಕೊಳ್ಳುವ ಬದಲು ನಾವು ಅವರನ್ನು ಕಳ್ಳಿಯರೆಂದೆವು.

ಈ ಆಪಾದನೆ ಹೊಸದಲ್ಲ. ಅದರ ಬೇರು ಬ್ರಿಟಿಷರ ಕಾಲದ ಬರದಲ್ಲಿದೆ.

1876ರಿಂದ 78ರವರೆಗೆ ಧಾತು, ಈಶ್ವರ ಸಂವತ್ಸರಗಳಲ್ಲಿ ಮೈಸೂರು ಸೀಮೆಯನ್ನು ಬರ ತಿಂದಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಆಗ ಮದರಾಸಿನ ಕಡೆಯಿಂದ ಬರುವ ರೈಲು ದಾರಿ ಬೆಂಗಳೂರಿಗೆ ನಿಲ್ಲುತ್ತಿತ್ತು. 1864ರಲ್ಲಿ ಕಂಟೋನ್ಮೆಂಟ್ ನಿಲ್ದಾಣದವರೆಗೆ ಹಾಕಿದ ಆ ದಾರಿ ಇಂದಿಗೂ ಕೆ.ಆರ್. ಪುರವನ್ನು ಹಾದೇ ಬರುತ್ತದೆ. ಕಾಳು ಬೆಂಗಳೂರಿನವರೆಗೆ ಬರುತ್ತಿತ್ತು. ಅಲ್ಲಿಂದ ಮುಂದೆ ಒಳನಾಡಿಗೆ ಎತ್ತಿನ ಗಾಡಿಯೇ ಗತಿ, ಆದರೆ ಎತ್ತುಗಳು ಮೇವಿಲ್ಲದೆ ಸತ್ತಿದ್ದವು. ಊರೂರುಗಳಿಂದ ಜನ ಬೆಂಗಳೂರಿನ ಕಡೆ ನಡೆದು ಬಂದರು. ದಾರಿಯಲ್ಲೇ ಬಿದ್ದವರೆಷ್ಟೋ.

ಆ ಹೊತ್ತಿನಲ್ಲಿ ವೈಸರಾಯ್ ಲಿಟ್ಟನ್‌ನ ಸರ್ಕಾರದ ದೊಡ್ಡ ಚಿಂತೆ, ಧರ್ಮಕ್ಕೆ ಅನ್ನ ಹಾಕಿದರೆ ಜನ ಕೆಟ್ಟುಹೋಗುತ್ತಾರೆ ಎಂಬುದಾಗಿತ್ತು. ಅದಕ್ಕೆ ಪರೀಕ್ಷೆಗಳನ್ನು ಹುಡುಕಿದರು. ನಿಜವಾಗಿ ಹಸಿದಿದ್ದರೆ ಮೈಲಿಗಟ್ಟಲೆ ನಡೆದು ಹೋಗಿ ಕಲ್ಲು ಒಡೆಯಲಿ ಎಂದರು. 1877ರ ಆರಂಭದಲ್ಲಿ ದಕ್ಷಿಣಕ್ಕೆ ಬಂದ ಸರ್ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯ ಆಳಿಗೆ ದಿನಕ್ಕೆ ಒಂದು ಪೌಂಡು ಕಾಳು, ಮೇಲೆ ಒಂದಿಷ್ಟು ಪುಡಿಗಾಸು ಸಾಕೆಂದು ಗೊತ್ತುಮಾಡಿದ. ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್, ಇದು ಜನರನ್ನು ಉಳಿಸುವಷ್ಟು ಆಹಾರವಲ್ಲ ಎಂದು ಬಲವಾಗಿ ವಿರೋಧಿಸಿದ. ‘ಟೆಂಪಲ್ ಕೂಲಿ’ ಎಂಬ ಮಾತು ಇತಿಹಾಸದಲ್ಲಿ ಉಪವಾಸಕ್ಕೆ ಇನ್ನೊಂದು ಹೆಸರಾಗಿ ಉಳಿದಿದೆ. ಒಂದು ಪೌಂಡು ಎಂದರೆ ಸುಮಾರು 450 ಗ್ರಾಂ. ನಾವು ಇಂದು ಸೋಮಾರಿತನದ ಮೂಲ ಎಂದು ಬೈಯುತ್ತಿರುವ ಪಡಿ ದಿನಕ್ಕೆ 333 ಗ್ರಾಂ. ಅಂದಿನದು ಕಲ್ಲೊಡೆಯುವವನ ಇಡೀ ಕೂಲಿ, ಇಂದಿನದು ದುಡಿಮೆಯ ಜೊತೆಗೆ ಸಿಗುವ ಆಸರೆ ಎಂಬ ವ್ಯತ್ಯಾಸವನ್ನು ನಾನು ಮರೆತಿಲ್ಲ. ಆದರೂ ಚರಿತ್ರೆ ನಾಚಿಕೆಗೇಡು ಎಂದು ಗುರುತಿಟ್ಟ ಅಳತೆಗಿಂತ ಕಡಿಮೆ ಕಾಳನ್ನು ಅತಿಯಾಯಿತು ಎನ್ನುವವರು ಯಾರ ನಾಲಿಗೆಯಲ್ಲಿ ಮಾತಾಡುತ್ತಿದ್ದೇವೆಂದು ಒಮ್ಮೆ ಯೋಚಿಸಬೇಕು.

ಇನ್ನು ‘ಆಳು ಸಿಗುವುದಿಲ್ಲ’ ಎಂಬ ಗೋಳು. ಇದನ್ನು ಬಿಡಿಸಿ ಹೇಳಬೇಕು. ಆಳು ಸಿಗುತ್ತಾರೆ, ಹಳೆಯ ಕೂಲಿಗೆ ಸಿಗುವುದಿಲ್ಲ. ಮನೆಯಲ್ಲಿ ನಾಳೆಗೆ ಅಕ್ಕಿ ಇಲ್ಲದವನು ಕೊಟ್ಟಷ್ಟು ತೆಗೆದುಕೊಂಡು ದುಡಿಯುತ್ತಾನೆ. ಡಬ್ಬಿಯಲ್ಲಿ ಹದಿನೈದು ದಿನದ ಅಕ್ಕಿ ಇದ್ದವನು ‘ಅಷ್ಟಕ್ಕೆ ಆಗಲ್ಲ ಸಾರ್’ ಎನ್ನಬಲ್ಲ. ಇಂದಿರಾನಗರದಲ್ಲಿ ನಾಲ್ಕು ಮನೆ ಮುಸುರೆ ತಿಕ್ಕುವಾಕೆ ಐದನೆಯ ಮನೆ ಬಿಟ್ಟು ಮಧ್ಯಾಹ್ನ ಮಗುವಿನ ಪಕ್ಕ ಒಂದು ಗಂಟೆ ಮಲಗಬಲ್ಲಳು. ಅಕ್ಕಿ ಕೊಟ್ಟ ಸ್ವಾತಂತ್ರ್ಯ ಅಷ್ಟು. ಅದನ್ನು ನಾವು ಸೋಮಾರಿತನ ಎಂದು ಕರೆಯುತ್ತೇವೆ. ಏಕೆಂದರೆ ಅವಳ ಹಸಿವಿನಿಂದ ನಮಗೆ ಲಾಭವಿತ್ತು. ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ಬಡವರಿಗೆ ನೇರ ಹಣ ಕೊಟ್ಟ ಆರು ದೇಶಗಳ ಏಳು ಪ್ರಯೋಗಗಳ ಅಂಕಿಅಂಶಗಳನ್ನು ಒಟ್ಟಿಗಿಟ್ಟು ನೋಡಿ, ನೆರವು ಪಡೆದವರು ದುಡಿಮೆ ಕಡಿಮೆ ಮಾಡಿದ್ದಕ್ಕೆ ಆಧಾರ ಸಿಗಲಿಲ್ಲ ಎಂದು 2017ರಲ್ಲಿ ಪ್ರಕಟಿಸಿದರು. ಹಣ ಸಿಕ್ಕವರೇ ದುಡಿಮೆ ಬಿಡಲಿಲ್ಲ. ಬರೀ ಅಕ್ಕಿ ಸಿಕ್ಕವರು ಬಿಡುತ್ತಾರೆಯೇ?

ಬಡವರು ದುಡಿಯುತ್ತಾರೆ ಎಂಬುದಕ್ಕೆ ಸಾಕ್ಷಿ ಬೇಕಿದ್ದರೆ 2020ರ ಮೇ ತಿಂಗಳನ್ನು ನೆನೆಯಿರಿ. ಲಾಕ್‌ಡೌನ್‌ನಲ್ಲಿ ಕೆಲಸವಿಲ್ಲ, ಊಟವಿಲ್ಲ. ನಗರದ ಪೂರ್ವದಂಚಿನ ಕಟ್ಟಡದ ಶೆಡ್ಡುಗಳಲ್ಲಿದ್ದ ಬಿಹಾರ, ಒಡಿಶಾ, ಬಂಗಾಳದ ಕೂಲಿಗಳು ಊರಿಗೆ ಹೋಗುತ್ತೇವೆ ಎಂದರು. ಮೊದಲ ಶ್ರಮಿಕ ರೈಲುಗಳು ಹೊರಟಿದ್ದವು. ಮೇ 5ರಂದು ಬಿಲ್ಡರುಗಳು ಮುಖ್ಯಮಂತ್ರಿಯನ್ನು ಕಂಡರು. ಮರುದಿನದಿಂದ ರೈಲು ಬೇಡ ಎಂದು ರಾಜ್ಯ ಸರ್ಕಾರ ರೈಲ್ವೆಗೆ ಪತ್ರ ಬರೆಯಿತು. ದೇಶವೆಲ್ಲ ಛೀ ಎಂದ ಮೇಲೆ ಆ ಪತ್ರ ಹಿಂದಕ್ಕೆ ಹೋಯಿತು. ದುಡಿಯದ ಜನ ಊರು ಬಿಟ್ಟು ಹೋಗುತ್ತೇವೆಂದರೆ ಯಾರೂ ರೈಲು ನಿಲ್ಲಿಸುವುದಿಲ್ಲ. ಈ ಊರಿನ ಗೋಡೆಗಳನ್ನು ಎಬ್ಬಿಸುವವರು ಯಾರೆಂದು ಊರಿಗೆ ಚೆನ್ನಾಗಿ ಗೊತ್ತಿತ್ತು.

ಹಾಗಾದರೆ ಈ ಪೂರ್ವ ಬೆಂಗಳೂರಿನಲ್ಲಿ ಹಸಿದಿರುವವರು ಯಾರು? ಭಿಕ್ಷೆಗೆ ಕೈಚಾಚಿದವರನ್ನಷ್ಟೇ ಹುಡುಕಿದರೆ ಹಸಿವು ಕಾಣುವುದಿಲ್ಲ. ರಸೆಲ್ ಮಾರುಕಟ್ಟೆಯಲ್ಲಿ ಬೆಳಗಿನ ನಾಲ್ಕಕ್ಕೆ ಮೂಟೆ ಇಳಿಸುವ ಹಮಾಲಿ ಹನ್ನೊಂದರವರೆಗೆ ಚಹಾ ಮತ್ತು ಬನ್ನಿನ ಮೇಲೆ ದೂಡುತ್ತಾನೆ. ಬೌರಿಂಗ್ ಆಸ್ಪತ್ರೆಯಲ್ಲಿ ಗಂಡನನ್ನು ಸೇರಿಸಿ ಹೊರಗೆ ಕಾದು ಕುಳಿತವಳು ತನ್ನ ಊಟದ ದುಡ್ಡನ್ನು ಮಾತ್ರೆಗೆ ಇಡುತ್ತಾಳೆ. ನೂರಡಿ ರಸ್ತೆಯ ಹೋಟೆಲುಗಳ ಮುಂದೆ ಸ್ಕೂಟರ್ ನಿಲ್ಲಿಸಿಕೊಂಡು ಬೇರೆಯವರ ಊಟಕ್ಕೆ ಕಾಯುವ ಹುಡುಗ, ಇನ್ನೆರಡು ಆರ್ಡರ್ ಮುಗಿಯಲಿ ಎಂದು ತನ್ನ ಊಟವನ್ನು ಮುಂದಕ್ಕೆ ಹಾಕುತ್ತಾನೆ. ದೇವಸಂದ್ರ, ಟಿನ್ ಫ್ಯಾಕ್ಟರಿ ಕಡೆಯ ವಠಾರಗಳಲ್ಲಿ ಯಾದಗಿರಿ, ರಾಯಚೂರಿನಿಂದ ಬಂದ ಸಂಸಾರಗಳಿವೆ. ಅವರ ಚೀಟಿ ಊರಿನಲ್ಲಿ, ಅಲ್ಲಿಯ ಅಕ್ಕಿ ಮುದುಕರಿಗೆ ಮತ್ತು ಬಿಟ್ಟುಬಂದ ಮಕ್ಕಳಿಗೆ. ಇಲ್ಲಿ ಅವರು ಕೊಂಡೇ ತಿನ್ನಬೇಕು. ಇವರೆಲ್ಲ ದುಡಿಯುವವರು. ದುಡಿಯುತ್ತಲೇ ಹಸಿದವರು. ತಿಂಗಳ ಇಪ್ಪತ್ತನೆಯ ತಾರೀಖಿನಿಂದ ಇವರ ಮನೆಯ ಹೆಂಗಸರು ಎಲ್ಲರಿಗೂ ಬಡಿಸಿ, ತಾವು ತಳದ ಸಾರನ್ನು ನೀರು ಮಾಡಿಕೊಂಡು ಉಣ್ಣುತ್ತಾರೆ. ಈ ಹಸಿವು ಯಾವ ಫೋಟೊದಲ್ಲೂ ಬರುವುದಿಲ್ಲ.

ಇಲ್ಲಿಯವರಿಗೆ ಚೀಟಿ ಇಲ್ಲವೇ ಎಂದು ಕೇಳಬಹುದು. ಇಲ್ಲಿದೆ ದೊಡ್ಡ ಅನ್ಯಾಯ. ಕರ್ನಾಟಕದಲ್ಲಿ ಬಿಪಿಎಲ್ ಚೀಟಿಗೆ ವರ್ಷದ ಆದಾಯ 1 ಲಕ್ಷ 20 ಸಾವಿರ ರೂಪಾಯಿ ಮೀರಬಾರದು. ಇಡೀ ಮನೆಗೆ ತಿಂಗಳಿಗೆ ಹತ್ತು ಸಾವಿರ. ಬೆಂಗಳೂರಿನಲ್ಲಿ ಕಾನೂನೇ ಗೊತ್ತುಮಾಡಿರುವ ಕನಿಷ್ಠ ವೇತನ ಪಡೆಯುವ ಒಬ್ಬನೇ ಒಬ್ಬ ಸೆಕ್ಯುರಿಟಿ ಗಾರ್ಡ್ ಈ ಗೆರೆಯನ್ನು ದಾಟಿಬಿಡುತ್ತಾನೆ. ಒಂದು ಇಲಾಖೆ ಇದಕ್ಕಿಂತ ಕಡಿಮೆ ಕೊಟ್ಟರೆ ಅಪರಾಧ ಎನ್ನುತ್ತದೆ, ಇನ್ನೊಂದು ಇಲಾಖೆ ಅಷ್ಟು ಸಿಕ್ಕಿದರೆ ನೀನು ಬಡವನಲ್ಲ ಎನ್ನುತ್ತದೆ. 2024ರ ನವೆಂಬರ್‌ನಲ್ಲಿ ‘ಅನರ್ಹ’ರನ್ನು ತೆಗೆಯುವ ಭರದಲ್ಲಿ ಚೀಟಿಗಳನ್ನು ರದ್ದು ಮಾಡಿ ಗುಲ್ಲೆದ್ದ ಮೇಲೆ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರಿಗೆ ಮರಳಿ ಕೊಡುತ್ತೇವೆ ಎಂದು ಸರ್ಕಾರ ಹೇಳಬೇಕಾಯಿತು. ಹೊಸ ಚೀಟಿಗೆ ಅರ್ಜಿ ಹಾಕಲು ಹೋದರೆ ‘ಈಗ ತಗೊಳ್ತಿಲ್ಲ’ ಎನ್ನುತ್ತಾರೆ. ಚೀಟಿ ಇದ್ದವರು ಸೊಸೈಟಿ ಮುಂದೆ ನಿಂತರೆ ‘ಸರ್ವರ್ ಇಲ್ಲ, ನಾಳೆ ಬನ್ನಿ’. ಪಾತ್ರೆ ತಿಕ್ಕಿ, ಸಿಮೆಂಟ್ ಕಲಸಿ ಸವೆದ ಬೆರಳನ್ನು ಯಂತ್ರ ಗುರುತಿಸುವುದಿಲ್ಲ. ದುಡಿದ ಗುರುತೇ ಅನ್ನಕ್ಕೆ ಅಡ್ಡಿಯಾಗುತ್ತದೆ. ನಾಳೆ ಬಂದರೆ ನಾಳೆಯ ಕೂಲಿ ಹೋಯಿತು. ಅಂದಿನ ಬರದಲ್ಲಿ ಮೈಲಿಗಟ್ಟಲೆ ನಡೆಸಿ ನೋಡಿದ ಪರೀಕ್ಷೆಗೂ ಇದಕ್ಕೂ ನನಗೆ ಹೆಚ್ಚಿನ ಅಂತರ ಕಾಣುವುದಿಲ್ಲ.

2017ರ ಜುಲೈಯಲ್ಲಿ ಗೋಕರ್ಣದ ಬಳಿ ಒಂದು ಬಡ ದಲಿತ ಮನೆಯ ಮೂವರು ಅಣ್ಣತಮ್ಮಂದಿರು ಎರಡು ವಾರದೊಳಗೆ ಒಬ್ಬರ ಹಿಂದೆ ಒಬ್ಬರು ಸತ್ತರು. ಆಧಾರ್ ಜೋಡಣೆಯಾಗಿಲ್ಲವೆಂದು ತಿಂಗಳುಗಟ್ಟಲೆ ಆ ಮನೆಗೆ ರೇಷನ್ ಸಿಕ್ಕಿರಲಿಲ್ಲ ಎಂದು ಅಲ್ಲಿಗೆ ಹೋದ, ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್‌ನ ತಂಡ ವರದಿ ಮಾಡಿತು. ಅಧಿಕಾರಿಗಳು ಕುಡಿತದಿಂದ ಸತ್ತರು ಎಂದರು. ಬಡವನು ಬದುಕಿದ್ದರೆ ಸೋಮಾರಿ, ಸತ್ತರೆ ಕುಡುಕ. ತಪ್ಪು ಎಂದೂ ಅವನದೇ.

ಈಗ ಉಣ್ಣಿಸಿದರೆ ಜನ ಕೆಡುತ್ತಾರೆ ಎಂಬ ಸಿದ್ಧಾಂತವನ್ನು ಬೇರೆಯವರ ಮೇಲೂ ಪರೀಕ್ಷಿಸೋಣ. ವೈಟ್‌ಫೀಲ್ಡ್ ಮತ್ತು ಹಳೆ ಮದ್ರಾಸ್ ರಸ್ತೆಯ ಎಷ್ಟೋ ಕಂಪನಿಗಳು ನೌಕರರಿಗೆ ಊಟ ಕೊಡುತ್ತವೆ, ಇಲ್ಲವೇ ಊಟದ ಕಾರ್ಡು ಕೊಡುತ್ತವೆ. ಅಂಥ ಊಟದ ಮೌಲ್ಯಕ್ಕೆ ಆದಾಯ ತೆರಿಗೆಯ ನಿಯಮಗಳಲ್ಲೇ ರಿಯಾಯಿತಿ ಇದೆ. ಬಿಟ್ಟ ತೆರಿಗೆ ಎಂದರೆ ಸರ್ಕಾರದ ಬೊಕ್ಕಸದ ದುಡ್ಡೇ. ದೂರವಾಣಿ ನಗರದ ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳನ್ನು ಕಟ್ಟಿದ ತಲೆಮಾರು ಕಂಪನಿ ಕ್ಯಾಂಟೀನಿನ ಅಗ್ಗದ ಊಟ ಉಂಡೇ ದುಡಿಯಿತು. ಆ ಊಟ ಅವರನ್ನು ಕೆಡಿಸಿತು ಎಂದು ಯಾರೂ ಹೇಳಲಿಲ್ಲ. ಹೊಟ್ಟೆ ತುಂಬಿದರೆ ಕೆಲಸ ಚೆನ್ನಾಗಿ ನಡೆಯುತ್ತದೆ ಎಂದು ಎಲ್ಲರೂ ಒಪ್ಪಿದರು. ಸಿದ್ಧಗಂಗೆಯ ಮಠದಲ್ಲಿ ಸಾವಿರಾರು ಮಕ್ಕಳು ದಾಸೋಹದಲ್ಲಿ ಉಂಡು ಓದಿದರು. ಅವರೇ ಮೇಷ್ಟ್ರುಗಳಾದರು, ಎಂಜಿನಿಯರುಗಳಾದರು, ಅಧಿಕಾರಿಗಳಾದರು. ಕಾಯಕವನ್ನೂ ದಾಸೋಹವನ್ನೂ ಒಂದೇ ಉಸಿರಿನಲ್ಲಿ ಹೇಳಿದ ನಾಡು ನಮ್ಮದು. ಒಂದನ್ನು ಇನ್ನೊಂದರ ಶತ್ರು ಮಾಡಿದವರು ನಾವು, ಅದೂ ಈಚೆಗೆ.

‘ಸರ್ಕಾರ ಏಕೆ, ದಾನಿಗಳು ನೋಡಿಕೊಳ್ಳಲಿ’ ಎನ್ನುವವರೂ ಇದ್ದಾರೆ. ಹಲಸೂರು ಕೆರೆಯ ದಡದ ಗುರುದ್ವಾರದ ಲಂಗರಿನಲ್ಲಿ ಯಾರು ಬೇಕಾದರೂ ಕುಳಿತು ಉಣ್ಣಬಹುದು. ನಾನೂ ಉಂಡಿದ್ದೇನೆ, ಕೈಮುಗಿಯುತ್ತೇನೆ. 2020ರಲ್ಲಿ ಮಸೀದಿ, ಚರ್ಚು, ದೇವಸ್ಥಾನ, ಗೆಳೆಯರ ಗುಂಪುಗಳು ಹಂಚಿದ ಕಿಟ್ಟುಗಳಿಲ್ಲದಿದ್ದರೆ ಶಿವಾಜಿನಗರದ ಎಷ್ಟೋ ಮನೆಗಳಲ್ಲಿ ಒಲೆ ಉರಿಯುತ್ತಿರಲಿಲ್ಲ. ಆದರೆ ಅಂದು ಕಿಟ್ ಸಿಕ್ಕಿದ್ದು ಪರಿಚಯ ಇದ್ದವರಿಗೆ, ಗಾಡಿ ಬಂದ ಬೀದಿಗೆ. ದಾನ ಕೊಡುವವನ ಮನಸ್ಸಿನ ಮೇಲೆ ನಿಂತಿರುತ್ತದೆ. ಹಸಿವು ಮಾತ್ರ ದಿನಕ್ಕೆ ಮೂರು ಹೊತ್ತು ಬರುತ್ತದೆ. 2001ರಲ್ಲಿ ಪಿಯುಸಿಎಲ್ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಆಹಾರದ ಯೋಜನೆಗಳನ್ನು ಜನರ ಹಕ್ಕೆಂದು ಮಾಡಿದ್ದು, 2013ರಲ್ಲಿ ಆಹಾರ ಭದ್ರತಾ ಕಾಯ್ದೆ ಬಂದದ್ದು ಇದಕ್ಕಾಗಿಯೇ. ಹಕ್ಕಿನ ಅನ್ನವನ್ನು ಬಿಟ್ಟಿ ಎನ್ನಬೇಡಿ. ಬೆಂಕಿಪೊಟ್ಟಣ ಕೊಂಡರೂ ತೆರಿಗೆ ಕಟ್ಟುವ ಜನ ಅವರು.

2017ರ ಆಗಸ್ಟ್‌ನಲ್ಲಿ ಇಂದಿರಾ ಕ್ಯಾಂಟೀನ್ ತೆರೆದಾಗ ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ. ಅಲ್ಲಿ ಚೀಟಿ ಕೇಳಲಿಲ್ಲ, ಬೆರಳು ಒತ್ತಿಸಲಿಲ್ಲ, ಯಾವ ಊರು ಎನ್ನಲಿಲ್ಲ. ಊರು ಬಿಟ್ಟು ಬಂದ ಕೂಲಿಗೆ ಈ ನಗರ ಕೊಟ್ಟ ಅತ್ಯಂತ ಮರ್ಯಾದೆಯ ಊಟ ಅದು. ಪೌರಕಾರ್ಮಿಕ, ಆಟೊದವ, ಪಿಜಿಯ ಹುಡುಗ ಒಂದೇ ಕಟ್ಟೆಯ ಮುಂದೆ ನಿಂತು ಉಂಡರು. ಸರ್ಕಾರ ಬದಲಾದಾಗ ಅನುದಾನ ಸೊರಗಿತು, ಗುತ್ತಿಗೆದಾರರ ಬಿಲ್ಲು ಬಾಕಿ ಬಿತ್ತು, ರುಚಿ ಕೆಟ್ಟಿತು, ಹಲವು ಬಾಗಿಲು ಮುಚ್ಚಿದವು. ಆಗ ‘ನೋಡಿ, ಯಾರೂ ಬರುತ್ತಿಲ್ಲ, ಹಸಿವೇ ಇಲ್ಲ’ ಎಂದರು. ಸಾರಿನಲ್ಲಿ ಬೇಳೆ ಇಲ್ಲದಂತೆ ಮಾಡಿದವರಿಗೆ ತಟ್ಟೆ ಎಣಿಸುವ ಹಕ್ಕಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಬಿಪಿಎಲ್ ಆದಾಯದ ಗೆರೆಯನ್ನು ಬೆಂಗಳೂರಿನ ಕನಿಷ್ಠ ವೇತನಕ್ಕಿಂತ ಮೇಲೆ ಎಳೆಯಿರಿ. ಅರ್ಜಿಯ ಕಿಟಕಿಯನ್ನು ವರ್ಷವಿಡೀ ತೆರೆದಿಡಿ. ಬೆರಳು ಕೂಡದಿದ್ದರೆ ಅಕ್ಕಿ ಕೊಟ್ಟು ರುಜು ಹಾಕಿಸಿಕೊಳ್ಳಿ. ಕೆ.ಆರ್. ಪುರದ ರೈಲು ನಿಲ್ದಾಣದ ಬಳಿ, ಬೌರಿಂಗ್ ಆಸ್ಪತ್ರೆಯ ಮುಂದೆ, ಕೂಲಿಗಳು ನಿಂತು ಕೆಲಸಕ್ಕೆ ಕಾಯುವ ಪ್ರತಿ ವೃತ್ತದಲ್ಲಿ ಬೆಳಗಿನ ಆರಕ್ಕೆ ಬಿಸಿ ತಿಂಡಿ ಸಿಗಲಿ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿವೆ. ಇದು ಯಾರ ಕೆಲಸ ಎಂದು ಐದೂ ಪಾಲಿಕೆಗಳು ಒಂದರ ಕಡೆಗೊಂದು ಕೈತೋರಿಸುತ್ತ ಕೂರಬಾರದು.

ಕೇಂದ್ರ ಸರ್ಕಾರದ ಪಾಲಿನ ಮಾತೂ ಇದೆ. ಆಹಾರ ಭದ್ರತಾ ಕಾಯ್ದೆಯಡಿ ಯಾವ ರಾಜ್ಯದಲ್ಲಿ ಎಷ್ಟು ಜನರಿಗೆ ಕಾಳು ಎಂಬುದನ್ನು ಇಂದಿಗೂ ನಿರ್ಧರಿಸುತ್ತಿರುವುದು 2011ರ ಜನಗಣತಿ. ಆ ಲೆಕ್ಕದಲ್ಲಿ ಬೆಂಗಳೂರು ನಗರ ಜಿಲ್ಲೆಯಲ್ಲಿ ಇದ್ದವರು 96 ಲಕ್ಷ ಜನ. ಆಮೇಲೆ ಬಂದವರು, ಆಮೇಲೆ ಹುಟ್ಟಿದವರು ಆ ಸಂಖ್ಯೆಯಲ್ಲಿ ಇಲ್ಲ. ಆ ವರ್ಷ ಹುಟ್ಟಿದ ಮಕ್ಕಳು ಈಗ ಹೈಸ್ಕೂಲಿನಲ್ಲಿದ್ದಾರೆ. ಮುಂದಿನ ಎಣಿಕೆಗೆ ಗೊತ್ತುಮಾಡಿರುವುದು 2027ರ ಫೆಬ್ರವರಿ.